ಗುಜರಿಗೆ ಹೋಗಬೇಕಿದ್ದ ವಿಮಾನಗಳು ಉಳಿದದ್ದು ಹೇಗೆ? ಇಂಗ್ಲೆಂಡಿನ ಡಕ್ಸ್‌ಫರ್ಡ್ ಕಥೆ, ಕಾರವಾರಕ್ಕೂ ಇದೆ ನಂಟು

ರಸ್ತೆ ಅಗಲೀಕರಣ ಬಂತು ಅಂದ್ರೆ ಗಡುವು ಬಂತು ಅಂತಲೇ ಲೆಕ್ಕ. ಇಂಥ ತಾರೀಕಿನೊಳಗೆ ಮುಂಗಟ್ಟು ತೆಗೆಯಿರಿ, ಇಲ್ಲಾಂದ್ರೆ ಜೆಸಿಬಿ ಬರುತ್ತೆ. ಹೆದ್ದಾರಿ 66ರ ಪಕ್ಕ ಅಂಗಡಿ ಇಟ್ಟವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 1977ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್ ಎಂಬ ಊರಿಗೂ ಹೀಗೇ ಒಂದು ಗಡುವು ಬಂದಿತ್ತು. ಲಂಡನ್‌ನಿಂದ ಕೇಂಬ್ರಿಡ್ಜ್ ಕಡೆಗೆ ಎಂ11 ಎಂಬ ಹೊಸ ಹೆದ್ದಾರಿ ಬರ್ತಾ ಇತ್ತು. ಅದರ ದಾರಿಯಲ್ಲಿ ಡಕ್ಸ್‌ಫರ್ಡಿನ ಹಳೇ ವಿಮಾನ ನಿಲ್ದಾಣದ ರನ್‌ವೇಯ ತುದಿ ಸಿಕ್ಕಿತ್ತು. ಆ ತುದಿ ಕತ್ತರಿಸಿ ಹೋದರೆ ದೊಡ್ಡ ಜೆಟ್ ವಿಮಾನ ಇಳಿಸೋದು ಕಷ್ಟ.

ಕತ್ತರಿಸುವ ಮೊದಲು ಒಂದು ವಿಮಾನ ಅಲ್ಲಿ ಇಳಿಯಲೇಬೇಕಿತ್ತು. ಅದು ಕಾಂಕಾರ್ಡ್. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುವ ಆ ಕೊಕ್ಕಿನ ಮೂತಿಯ ಪ್ರಯಾಣಿಕ ವಿಮಾನ. 1977ರ ಆಗಸ್ಟ್ 20ರಂದು ಅದು ಡಕ್ಸ್‌ಫರ್ಡಿಗೆ ಬಂದಿಳಿಯಿತು. ಆಮೇಲೆ ರನ್‌ವೇ ಮೊಟಕಾಯಿತು, ಹೆದ್ದಾರಿ ಆಯಿತು. ವಿಮಾನ ಮಾತ್ರ ಅಲ್ಲೇ ಉಳಿಯಿತು. ಇಂದಿಗೂ ಅಲ್ಲೇ ಇದೆ, ಜನ ಒಳಗೆ ಹತ್ತಿ ನೋಡಬಹುದು.

ಹಳೇ ಪ್ರಯಾಣಿಕ ವಿಮಾನ ಉಳಿಸೋದು ಅಂದ್ರೆ ಏನು, ಅದಕ್ಕೆ ಯಾಕಿಷ್ಟು ಪಾಡು ಪಡಬೇಕು ಅನ್ನೋದನ್ನು ತಿಳಿಯಲು ಡಕ್ಸ್‌ಫರ್ಡಿಗಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ. ಕಾರವಾರದ ಕಡಲತೀರದಲ್ಲಿ ದೊಡ್ಡ ವಿಮಾನವೊಂದನ್ನು ತಂದು ನಿಲ್ಲಿಸಿರುವಾಗ ನಮ್ಮ ಜಿಲ್ಲೆಯವರೂ ತಿಳಿದಿರಬೇಕಾದ ವಿಷಯ ಇದು.

ಯುದ್ಧ ವಿಮಾನಕ್ಕೆ ಸೂರು, ಪ್ರಯಾಣಿಕ ವಿಮಾನಕ್ಕೆ ಮಳೆ

ಡಕ್ಸ್‌ಫರ್ಡ್ ಮೂಲತಃ ಬ್ರಿಟನ್ ವಾಯುಪಡೆಯ ನೆಲೆ. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಸ್ಪಿಟ್‌ಫೈರ್ ಯುದ್ಧ ವಿಮಾನ 1938ರಲ್ಲಿ ಮೊದಲು ಸೇವೆಗೆ ಬಂದದ್ದು ಇಲ್ಲಿಗೇ. ವಾಯುಪಡೆ ಬಿಟ್ಟುಹೋದ ಮೇಲೆ ಈ ಜಾಗ ಇಂಪೀರಿಯಲ್ ವಾರ್ ಮ್ಯೂಸಿಯಂ ಕೈಗೆ ಬಂತು. ಹೆಸರೇ ಹೇಳುವಂತೆ ಅದು ಯುದ್ಧದ ವಸ್ತುಸಂಗ್ರಹಾಲಯ. ಬಾಂಬರ್, ಫೈಟರ್, ಟ್ಯಾಂಕ್ ಎಲ್ಲ ಇಡುತ್ತದೆ. ಆದರೆ ಜನ ಸೂಟ್‌ಕೇಸ್ ಹಿಡಿದು ಹತ್ತಿ ಇಳಿದ ವಿಮಾನಗಳನ್ನು ಯಾರು ನೋಡಿಕೊಳ್ಳಬೇಕು?

ಆ ಕೆಲಸಕ್ಕೆ ಮುಂದೆ ಬಂದದ್ದು ಡಕ್ಸ್‌ಫರ್ಡ್ ಏವಿಯೇಷನ್ ಸೊಸೈಟಿ. 1975ರಲ್ಲಿ ಶುರುವಾದ ಸ್ವಯಂಸೇವಕರ ಸಂಘ. ಸರ್ಕಾರಿ ಇಲಾಖೆ ಅಲ್ಲ, ಕಂಪನಿಯೂ ಅಲ್ಲ. ನಮ್ಮೂರಿನ ಯುವಕ ಸಂಘ, ಜಾತ್ರಾ ಸಮಿತಿ ಇದ್ದ ಹಾಗೆ ಅಂದುಕೊಂಡರೂ ತಪ್ಪಿಲ್ಲ. ಸದಸ್ಯರ ಚಂದಾ, ದೇಣಿಗೆ, ಬಿಡುವಿನ ದಿನ ಬಂದು ಮಾಡುವ ಕೈಕೆಲಸ, ಇಷ್ಟೇ ಅದರ ಬಂಡವಾಳ. ಬ್ರಿಟನ್ನಿನಲ್ಲಿ ತಯಾರಾದ ಪ್ರಯಾಣಿಕ ವಿಮಾನಗಳ ಒಂದು ದೊಡ್ಡ ಸಂಗ್ರಹ ಈಗ ಇವರ ಬಳಿ ಇದೆ. ಕಾಮೆಟ್, ಬ್ರಿಟಾನಿಯಾ, ವೈಕೌಂಟ್, ವಿಸಿ10, ಟ್ರೈಡೆಂಟ್, ಒನ್-ಇಲೆವೆನ್, ಯಾರ್ಕ್, ಅಂಬಾಸಿಡರ್, ಕಾಂಕಾರ್ಡ್... ಪಟ್ಟಿ ಇನ್ನೂ ಇದೆ. (ಅಂಬಾಸಿಡರ್ ಅಂದ ತಕ್ಷಣ ನಮ್ಮ ಬಿಳಿ ಕಾರು ನೆನಪಾದರೆ ತಪ್ಪಲ್ಲ, ಆದರೆ ಇದು ವಿಮಾನ.)

ಪ್ರಯಾಣಿಕ ವಿಮಾನ ಯಾಕೆ ಉಳಿಯಲ್ಲ ಅಂದ್ರೆ ಅದಕ್ಕೆ ವ್ಯಾಪಾರಿಗಳಿಗೆ ಥಟ್ಟನೆ ಅರ್ಥವಾಗುವ ಕಾರಣ ಇದೆ. ಏರ್‌ಲೈನ್ ಕಂಪನಿಗೆ ವಿಮಾನ ಅನ್ನೋದು ಸಾಮಾನು ಸಾಗಿಸುವ ಲಾರಿ ಇದ್ದಂತೆ. ಓಡುವವರೆಗೆ ಓಡಿಸ್ತಾರೆ. ಓಡಿಸುವ ಖರ್ಚು ಹೆಚ್ಚಾದ ದಿನ ಮಾರ್ತಾರೆ. ಕೊಳ್ಳೋರಿಲ್ಲ ಅಂದ್ರೆ ಎಂಜಿನ್ ಬಿಚ್ಚಿ, ಉಪಕರಣ ಬಿಚ್ಚಿ, ಉಳಿದ ಅಲ್ಯೂಮಿನಿಯಂ ತೂಕಕ್ಕೆ ಹಾಕ್ತಾರೆ. ಯುದ್ಧ ವಿಮಾನಕ್ಕಾದರೂ ಪೈಲಟ್‌ನ ಪರಾಕ್ರಮದ ಕಥೆ ಇರುತ್ತೆ, ಅಭಿಮಾನಿಗಳು ಇರುತ್ತಾರೆ. ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು, ಮದುವೆಗೆ ಹೊರಟವರನ್ನು, ಪ್ರವಾಸಿಗರನ್ನು ಹೊತ್ತು ತಿರುಗಿದ ವಿಮಾನಕ್ಕೆ ಅಂಥ ಅಭಿಮಾನಿಗಳು ಕಡಿಮೆ.

ಎರಡನೇ ಕಾರಣ ಜಾಗ. ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ವಿಸಿ10 ವಿಮಾನದ್ದು 44 ಮೀಟರ್‌ಗೂ ಹೆಚ್ಚು. ಉದ್ದದಲ್ಲೂ ಹೀಗೇ ಅಂತರ. ಒಂದು ವಿಸಿ10 ಇಡುವ ಸೂರಿನಡಿ ಹತ್ತಾರು ಸ್ಪಿಟ್‌ಫೈರ್ ಇಡಬಹುದು. ಮ್ಯೂಸಿಯಂ ನಡೆಸುವವರೂ ಚದರಡಿ ಲೆಕ್ಕ ಹಾಕಲೇಬೇಕು. ಹಾಗಾಗಿ ಡಕ್ಸ್‌ಫರ್ಡಿನಲ್ಲೂ ಕಾಂಕಾರ್ಡ್, ಕಾಮೆಟ್, ಯಾರ್ಕ್‌ನಂಥ ಕೆಲವಕ್ಕೆ 'ಏರ್‌ಸ್ಪೇಸ್' ಎಂಬ ದೊಡ್ಡ ಹ್ಯಾಂಗರ್ ಒಳಗೆ ಜಾಗ ಸಿಕ್ಕಿದೆ. ವಿಸಿ10, ಟ್ರೈಡೆಂಟ್, ಬ್ರಿಟಾನಿಯಾ ಮುಂತಾದ ದೊಡ್ಡವು ಬಯಲಲ್ಲೇ ಗಾಳಿ ಮಳೆಗೆ ಮೈಯೊಡ್ಡಿ ನಿಂತಿವೆ. ಅಸಲಿ ಸಮಸ್ಯೆ ಶುರುವಾಗೋದು ಇಲ್ಲೇ.

ಹಾರುವ ವಿಮಾನಕ್ಕಿಂತ ನಿಂತ ವಿಮಾನ ಬೇಗ ಕೊಳೆಯುತ್ತೆ

ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅರ್ಧ ಮಾತ್ರ ನಿಜ. ಕಬ್ಬಿಣದ ಹಾಗೆ ಕೆಂಪು ತುಕ್ಕು ಬರಲ್ಲ, ಅಷ್ಟೇ. ಕರಾವಳಿಯಲ್ಲಿ ಅಲ್ಯೂಮಿನಿಯಂ ಬಾಗಿಲು ಕಿಟಕಿ ಹಾಕಿಸಿದವರು ನೋಡಿರ್ತಾರೆ, ನಾಲ್ಕಾರು ಮಳೆಗಾಲ ಕಳೆದ ಮೇಲೆ ಸಂದಿಗಳಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತೆ. ಅದೂ ಸವೆತವೇ.

ವಿಮಾನದ ಅಲ್ಯೂಮಿನಿಯಂ ಇನ್ನೂ ಸೂಕ್ಷ್ಮ. ಶುದ್ಧ ಅಲ್ಯೂಮಿನಿಯಂ ಮೆತ್ತಗಿರುತ್ತೆ, ವಿಮಾನದ ಭಾರ ತಡೆಯಲ್ಲ. ಬಲ ಬರಲಿ ಅಂತ ಅದಕ್ಕೆ ತಾಮ್ರದಂಥ ಲೋಹ ಬೆರೆಸ್ತಾರೆ. ಬಲ ಬರುತ್ತೆ, ಆದರೆ ತಾಮ್ರ ಸೇರಿದ್ದರಿಂದಲೇ ಸವೆತವೂ ಬೇಗ ಹಿಡಿಯುತ್ತೆ. ಹಾಗಾಗಿ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ, ಅದರ ಮೇಲೆ ಬಣ್ಣ ಕೊಟ್ಟು ಕಾಯ್ತಾರೆ. ಬಣ್ಣ ಎದ್ದರೆ, ಪದರ ಗೀಚಿದರೆ ನೀರು ಒಳಗೆ. ಇದರ ಜೊತೆಗೆ ಸ್ಟೀಲ್ ಬೋಲ್ಟ್ ಮತ್ತು ಅಲ್ಯೂಮಿನಿಯಂ ತಗಡು ತಾಗಿ ಕೂತಿದ್ದು, ನಡುವೆ ತೇವ ಸಿಕ್ಕರೆ ಅದೊಂದು ಸಣ್ಣ ಬ್ಯಾಟರಿ ಇದ್ದಂತೆ. ನಿಧಾನಕ್ಕೆ ಅಲ್ಯೂಮಿನಿಯಂ ತಿಂದುಹೋಗುತ್ತೆ. ಒಂದು ದೊಡ್ಡ ವಿಮಾನದಲ್ಲಿ ಇಂಥ ಜೋಡಣೆಗಳು ಲಕ್ಷಗಟ್ಟಲೆ.

ಹಾರಾಡುವ ವಿಮಾನದಲ್ಲೂ ಇದೆಲ್ಲ ಇರುತ್ತಲ್ಲ ಅಂತ ಕೇಳಬಹುದು. ಇರುತ್ತೆ. ಆದರೆ ಅದರ ಒಳಗೆ ಬಿಸಿ ಗಾಳಿ ಓಡಾಡ್ತಾ ಇರುತ್ತೆ. ಆಗಾಗ ಬಿಚ್ಚಿ, ತೊಳೆದು, ನೋಡ್ತಾರೆ. ಸವೆದ ತಗಡು ಬದಲಿಸ್ತಾರೆ. ನಿಂತ ವಿಮಾನಕ್ಕೆ ಈ ಯಾವ ಆರೈಕೆಯೂ ಇಲ್ಲ. ರಾತ್ರಿಯ ತಂಪಿಗೆ ಒಳಗಡೆ ನೀರು ಹನಿಗಟ್ಟುತ್ತೆ, ಇಳಿದು ಹೊಟ್ಟೆಯ ಭಾಗದಲ್ಲಿ ನಿಲ್ಲುತ್ತೆ. ನೀರು ಹೊರಹೋಗಲು ಅಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರ್ತಾರೆ. ಧೂಳು, ಎಲೆ, ಹಕ್ಕಿಗೂಡಿನ ಕಸ ಸೇರಿ ಆ ತೂತು ಕಟ್ಟಿದರೆ ಮುಗೀತು, ಹೊರಗಿನಿಂದ ಫಳಫಳ ಹೊಳೆಯುವ ವಿಮಾನ ಒಳಗಿನಿಂದ ಕೊಳೆಯುತ್ತೆ. ಸೀಟಿನ ಬಟ್ಟೆಗೆ ಬೂಸಲು ಹಿಡಿಯುತ್ತೆ. ಬಾಗಿಲಿನ ರಬ್ಬರ್ ಬಿಸಿಲಿಗೆ ಬಿರಿಯುತ್ತೆ. ಟೈರು ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತೆ. ಕಿಟಕಿಯ ಪ್ಲಾಸ್ಟಿಕ್ ಮಬ್ಬಾಗಿ ಕೂದಲೆಳೆಯಂಥ ಬಿರುಕು ಬಿಡುತ್ತೆ.

ಡಕ್ಸ್‌ಫರ್ಡ್ ಸಮುದ್ರದಿಂದ ದೂರದ ಒಳನಾಡು. ಅಲ್ಲೇ ಈ ಪಾಡಾದರೆ ಕಡಲ ಉಪ್ಪುಗಾಳಿಯಲ್ಲಿ ಹೇಗಿರಬೇಡ!

ಹೀಗಾಗಿ ಸ್ವಯಂಸೇವಕರ ಕೆಲಸದಲ್ಲಿ ಮುಕ್ಕಾಲು ಪಾಲು ಯಾರ ಕಣ್ಣಿಗೂ ಬೀಳದಂಥದ್ದು. ಪಾಚಿ ಉಜ್ಜಿ ತೊಳೆಯೋದು, ತೂತು ಬಿಡಿಸೋದು, ಸೋರುವ ಸಂದಿ ಮುಚ್ಚೋದು, ತಗಡಿನ ತುಂಡು ಕತ್ತರಿಸಿ ರಿವೆಟ್ ಹೊಡೆಯೋದು. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿರಲ್ಲ. ವಿಸಿ10, ಟ್ರೈಡೆಂಟ್, ಒನ್-ಇಲೆವೆನ್ ಇವಕ್ಕೆಲ್ಲ ಎಂಜಿನ್ ಇರೋದು ಬಾಲದ ಹತ್ತಿರ. ಅಂಥ ವಿಮಾನದ ಮುಂಭಾಗ ಖಾಲಿಯಾಗಿ ಹಗುರಾದರೆ ಮೂತಿ ಮೇಲೆದ್ದು ಬಾಲದ ಮೇಲೆ ಕೂತುಬಿಡುವ ಅಪಾಯ ಇರುತ್ತೆ. ತಕ್ಕಡಿ ತೂಗಿದ ಹಾಗೆ ಹಿಂದೆ ಮುಂದೆ ತೂಕ ಸರಿ ಇರುವಂತೆ ನೋಡಿಕೊಳ್ಳೋದೂ ಒಂದು ಕೆಲಸವೇ.

ಕಿಟಕಿಯ ಮೂಲೆ ದುಂಡಗಿರೋದು ಯಾಕೆ?

ಇಷ್ಟೆಲ್ಲ ಒದ್ದಾಡಿ ಉಳಿಸಿ ಏನು ಸಿಗುತ್ತೆ ಅನ್ನೋ ಪ್ರಶ್ನೆ ಸಹಜ. ಉತ್ತರಕ್ಕೆ ಡಕ್ಸ್‌ಫರ್ಡಿನ ಕಾಮೆಟ್ ವಿಮಾನ ನೋಡಬೇಕು.

ಜಗತ್ತಿನಲ್ಲಿ ಮೊದಲ ಬಾರಿ ಜೆಟ್ ಎಂಜಿನ್ನಿನಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಿದ್ದು ಕಾಮೆಟ್. 1952ರ ಮೇ 2ರಂದು ಲಂಡನ್‌ನಿಂದ ಜೋಹಾನ್ಸ್‌ಬರ್ಗ್ ಕಡೆಗೆ ಹೊರಟಿತು. ಇಡೀ ಲೋಕ ಬೆರಗಾಯಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತಾದಿಂದ ಮೇಲೇರಿದ ಕಾಮೆಟ್ ಒಂದು ಬಿರುಗಾಳಿ ಮಳೆಗೆ ಸಿಕ್ಕಿ ಮುರಿದುಬಿತ್ತು. ಒಳಗಿದ್ದ 43 ಮಂದಿಯೂ ಸತ್ತರು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಆಕಾಶದಲ್ಲೇ ಚೂರಾಯಿತು. ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಮತ್ತೊಂದು. ಕಾಮೆಟ್‌ಗಳ ಹಾರಾಟವನ್ನೇ ನಿಲ್ಲಿಸಲಾಯಿತು.

ತನಿಖೆ ಮಾಡಿದವರು ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಫಾರ್ನ್‌ಬರೋ ಎಂಬಲ್ಲಿ. ವಿಮಾನ ಎತ್ತರಕ್ಕೆ ಹೋದಾಗ ಹೊರಗೆ ಗಾಳಿ ತೆಳು, ಒಳಗೆ ಜನ ಉಸಿರಾಡಲು ಒತ್ತಡದ ಗಾಳಿ. ಅಂದ್ರೆ ಪ್ರತಿ ಹಾರಾಟಕ್ಕೂ ವಿಮಾನದ ಮೈ ಬಲೂನಿನಂತೆ ಒಂದಿಷ್ಟು ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಇದನ್ನೇ ತೊಟ್ಟಿಯಲ್ಲಿ ನೀರಿನ ಒತ್ತಡ ಕೊಟ್ಟು ಸಾವಿರಾರು ಸಲ ಮಾಡಿ ನೋಡಿದರು. ಕಡೆಗೆ ಮೈ ಸೀಳಿತು. ತಂತಿಯನ್ನು ಅತ್ತ ಇತ್ತ ಬಗ್ಗಿಸ್ತಾ ಇದ್ರೆ ಒಂದು ಹೊತ್ತಿಗೆ ಪಟ್ಟನೆ ಮುರಿಯುತ್ತಲ್ಲ, ಅದೇ ಲೋಹದ ದಣಿವು. ಮೈಯಲ್ಲಿ ಕೊರೆದ ಕಿಂಡಿಗಳ ಮೂಲೆಯಲ್ಲಿ ಒತ್ತಡ ಒಂದೆಡೆ ಸೇರಿ ಬಿರುಕು ಹುಟ್ಟುತ್ತಿತ್ತು. ಪತ್ರಿಕೆಗಳಲ್ಲಿ ಬರುವ 'ಚೌಕ ಕಿಟಕಿ' ಕಥೆ ಪೂರ್ತಿ ಸರಿಯಲ್ಲ. ಆ ಕಿಟಕಿಗಳ ಮೂಲೆ ತುಸು ದುಂಡಗೇ ಇತ್ತು, ಆದರೆ ಸಾಲುವಷ್ಟು ಇರಲಿಲ್ಲ. ಎಲ್ಬಾ ಬಳಿ ಬಿದ್ದ ವಿಮಾನದಲ್ಲಂತೂ ಬಿರುಕು ಸಿಕ್ಕಿದ್ದು ಪ್ರಯಾಣಿಕರ ಕಿಟಕಿಯಲ್ಲಿ ಅಲ್ಲ, ಮೇಲ್ಛಾವಣಿಯಲ್ಲಿ ಆಂಟೆನಾಗೆ ಬಿಟ್ಟ ಕಿಂಡಿಯಲ್ಲಿ.

ಈ ಪಾಠ ಕಲಿತ ಮೇಲೆ ಗಟ್ಟಿ ಮೈ, ಬೇರೆ ಆಕಾರದ ಕಿಟಕಿ ಇಟ್ಟು ಮಾಡಿದ್ದೇ ಕಾಮೆಟ್ 4. 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ಸಾಗರ ದಾಟುವ ಮೊದಲ ಜೆಟ್ ಪ್ರಯಾಣ ಸೇವೆ ಶುರುವಾದಾಗ ಲಂಡನ್‌ನಿಂದ ಒಂದು, ನ್ಯೂಯಾರ್ಕ್‌ನಿಂದ ಒಂದು ಕಾಮೆಟ್ ಹೊರಟವು. ನ್ಯೂಯಾರ್ಕ್‌ನಿಂದ ಹೊರಟು ಆರು ಗಂಟೆ ಚಿಲ್ಲರೆಯಲ್ಲಿ ಲಂಡನ್ ತಲುಪಿದ ಆ ವಿಮಾನವೇ ಇಂದು ಡಕ್ಸ್‌ಫರ್ಡಿನಲ್ಲಿ ನಿಂತಿರೋದು. ಅದರ ಮಾದರಿಯ ಇನ್ನೊಂದಲ್ಲ, ಅದೇ ವಿಮಾನ. ಮೂರೇ ವಾರದಲ್ಲಿ ಅಮೆರಿಕದ ದೊಡ್ಡ ಬೋಯಿಂಗ್ 707 ಕೂಡ ಅಟ್ಲಾಂಟಿಕ್ ದಾಟುವ ಸೇವೆಗೆ ಬಂತು, ವ್ಯಾಪಾರ ಪೂರ್ತಿ ಅತ್ತ ವಾಲಿತು. ಮೊದಲು ಅಂಗಡಿ ತೆರೆದವನಿಗೇ ಲಾಭ ಅಂತೇನಿಲ್ಲ.

ಇವತ್ತು ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ವಿಮಾನ ಹತ್ತುವವರು ಪಕ್ಕದ ಕಿಟಕಿ ನೋಡಲಿ. ಮೂಲೆ ಎಲ್ಲೂ ಚೂಪಾಗಿಲ್ಲ. ಕಲ್ಲಿನ ಶಾಸನ ಓದಿ ರಾಜರ ಕಾಲ ತಿಳಿಯುವ ಹಾಗೆ ಕಾಮೆಟ್‌ನ ಮೈ ಮುಟ್ಟಿ ಈ ಕಥೆ ತಿಳಿಯಬಹುದು. ಫೋಟೋ ಸಾಲಲ್ಲ, ತಗಡು ಎಷ್ಟು ತೆಳು ಅನ್ನೋದು ಫೋಟೋದಲ್ಲಿ ಗೊತ್ತಾಗಲ್ಲ.

ಒಂದೊಂದಕ್ಕೂ ಒಂದೊಂದು ಪಾಡು

ಟ್ರೈಡೆಂಟ್ ವಿಮಾನದ್ದು ಸಿನಿಮಾ ಕಥೆ ಇದ್ದಂತೆ. ಸೈಪ್ರಸ್ ದೇಶದ ಏರ್‌ವೇಸ್‌ಗೆ ಮಾರಾಟವಾಗಿದ್ದ ಇದು 1974ರಲ್ಲಿ ನಿಕೋಸಿಯಾ ವಿಮಾನ ನಿಲ್ದಾಣದಲ್ಲಿದ್ದಾಗಲೇ ಟರ್ಕಿ ಸೇನೆ ನುಗ್ಗಿತು. ನಿಲ್ದಾಣ ರಣರಂಗವಾಯಿತು, ವಿಮಾನಕ್ಕೂ ಪೆಟ್ಟು ಬಿತ್ತು. ಎರಡೂ ಕಡೆಯವರ ನಡುವಿನ ಜಾಗದಲ್ಲಿ ಮೂರು ವರ್ಷ ಸಿಕ್ಕಿಕೊಂಡಿದ್ದ ಇದನ್ನು 1977ರಲ್ಲಿ ಬ್ರಿಟನ್ನಿನ ಎಂಜಿನಿಯರ್‌ಗಳು ಹೋಗಿ ರಿಪೇರಿ ಮಾಡಿ ಹಾರಿಸಿಕೊಂಡು ಬಂದರು. ಅದರ ಜೊತೆಗಿದ್ದ ಇನ್ನೊಂದು ಟ್ರೈಡೆಂಟ್ ಅಲ್ಲೇ ಪಾಳುಬಿತ್ತು. ತಪ್ಪಿಸಿಕೊಂಡು ಬಂದದ್ದು ಮತ್ತೆ ಪ್ರಯಾಣಿಕರನ್ನು ಹೊತ್ತು, 1982ರಲ್ಲಿ ಡಕ್ಸ್‌ಫರ್ಡ್ ಸೇರಿತು.

ಪೈಲಟ್ ಕೈ ಹಾಕದೆ ತಾನೇ ನೆಲ ಮುಟ್ಟುವ ವಿದ್ಯೆಯನ್ನು ಪ್ರಯಾಣಿಕರಿರುವ ಹಾರಾಟಕ್ಕೆ ಮೊದಲು ತಂದದ್ದೂ ಟ್ರೈಡೆಂಟ್ ಮಾದರಿಯೇ, 1965ರ ಜೂನ್ 10ರಂದು. ಲಂಡನ್ನಿನ ದಟ್ಟ ಮಂಜು ಅದಕ್ಕೆ ಕಾರಣ. ಇದರ ಮುಂದಿನ ಚಕ್ರ ಎಲ್ಲ ವಿಮಾನಗಳಂತೆ ನಡುವಿನಲ್ಲಿಲ್ಲ, ಎಡಕ್ಕೆ ಸರಿದಿದೆ. ಮೊದಲ ಸಲ ನೋಡಿದವರಿಗೆ ಚಕ್ರ ವಕ್ರವಾಗಿ ಜೋಡಿಸಿದ್ದಾರೇನೋ ಅನ್ನಿಸಬೇಕು.

ವಿಸಿ10ರ ಕಥೆ ವ್ಯಾಪಾರದ ಕಥೆ. ನೈರೋಬಿಯಂಥ ಎತ್ತರದ, ಬಿಸಿಲ ಊರುಗಳ ಗಿಡ್ಡ ರನ್‌ವೇಯಿಂದ ಮೇಲೇಳುವಂತೆ ಇದನ್ನು ಹೇಳಿ ಮಾಡಿಸಿದ್ದರು. ಅಲ್ಲಿ ಗಾಳಿ ತೆಳು, ಬೇರೆ ವಿಮಾನಗಳಿಗೆ ಏದುಸಿರು. ವಿಸಿ10 ಬರುವಷ್ಟರಲ್ಲಿ ಆ ಊರಿನವರು ಬೋಯಿಂಗ್ ಬರಲಿ ಅಂತ ರನ್‌ವೇಯನ್ನೇ ಉದ್ದ ಮಾಡಿಬಿಟ್ಟರು! ಇದರ ವಿಶೇಷಕ್ಕೆ ಬೆಲೆಯೇ ಇಲ್ಲದಂತಾಯಿತು. ತಯಾರಾದದ್ದು 54 ಮಾತ್ರ. ಹತ್ತಿದ ಪ್ರಯಾಣಿಕರು ಮಾತ್ರ ಇದರ ಸದ್ದಿಲ್ಲದ ಕ್ಯಾಬಿನ್ನನ್ನು ಕೊನೆಯವರೆಗೂ ಹೊಗಳುತ್ತಿದ್ದರು.

ಅಂಬಾಸಿಡರ್ ಜಗತ್ತಿನಲ್ಲಿ ಉಳಿದಿರೋದು ಇದೊಂದೇ. 1958ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವಿದ್ದ ವಿಮಾನ ಮ್ಯೂನಿಕ್‌ನಲ್ಲಿ ಅಪಘಾತಕ್ಕೀಡಾಗಿ 23 ಜನ ಸತ್ತರಲ್ಲ, ಅದೂ ಇದೇ ಮಾದರಿ. ಉಳಿದ ಈ ಒಂದನ್ನು ದಶಕಗಟ್ಟಲೆ ಬಿಚ್ಚಿ, ತಿದ್ದಿ, ಜೋಡಿಸಿದ್ದಾರೆ. ಇಷ್ಟು ವರ್ಷ ಅಂದ್ರೆ ಶುರು ಮಾಡಿದವರಲ್ಲಿ ಎಲ್ಲರೂ ಮುಗಿದದ್ದನ್ನು ನೋಡಲು ಇರಲ್ಲ. ಹರ್ಮಿಸ್ ಎಂಬ ಇನ್ನೊಂದರ ಉದ್ದ ಮೈ ಮಾತ್ರ ಉಳಿದಿದೆ. ಅದು ಉಳಿದದ್ದಾದರೂ ಹೇಗೆ? ಗಗನಸಖಿಯರಿಗೆ ತರಬೇತಿ ಕೊಡುವ ಕೋಣೆಯಾಗಿ ಬಳಕೆಯಲ್ಲಿತ್ತು. ಹಳೇ ಬಸ್ಸು ಹೋಟೆಲ್ ಆಗಿ ಬದುಕಿಕೊಳ್ಳುತ್ತಲ್ಲ, ಹಾಗೆ.

ಯಾರ್ಕ್ ವಿಮಾನದ ಹುಟ್ಟು ಇನ್ನೂ ಸ್ವಾರಸ್ಯ. ಯುದ್ಧದ ಲ್ಯಾಂಕಾಸ್ಟರ್ ಬಾಂಬರಿನ ರೆಕ್ಕೆ, ಎಂಜಿನ್ ತೆಗೆದುಕೊಂಡು ನಡುವೆ ಜನ ಕೂರುವ ಅಗಲ ಮೈ ಜೋಡಿಸಿ ಮಾಡಿದ್ದು. 1947ರ ಮಾರ್ಚ್‌ನಲ್ಲಿ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ದೆಹಲಿಗೆ ಬಂದಿಳಿದದ್ದೂ ಯಾರ್ಕ್ ವಿಮಾನದಲ್ಲೇ. ಇನ್ನು ವೈಕೌಂಟ್ ಮಾದರಿಯನ್ನು 1957ರಿಂದ ಇಂಡಿಯನ್ ಏರ್‌ಲೈನ್ಸ್ ಕೂಡ ಹಾರಿಸಿತ್ತು. ಆ ಕಾಲದಲ್ಲಿ ಬೊಂಬಾಯಿ, ದೆಹಲಿ ಅಂತ ಓಡಾಡಿದ ಹಿರಿಯರು ದೊಡ್ಡ ಅಂಡಾಕಾರದ ಕಿಟಕಿ ಇದ್ದ ವಿಮಾನ ಅಂದರೆ ಇದೇ. ಡಕ್ಸ್‌ಫರ್ಡಿನಲ್ಲಿರುವ ವೈಕೌಂಟ್ ಉಳಿದವುಗಳಲ್ಲೆಲ್ಲ ಹಳೆಯದು, 1952ರಲ್ಲಿ ಮೊದಲು ಹಾರಿದ್ದು.

ಕಾಂಕಾರ್ಡ್: ಟಿಕೆಟ್ ಮಾರದ ವಿಮಾನ

ಮತ್ತೆ ಕಾಂಕಾರ್ಡ್ ವಿಷಯಕ್ಕೆ ಬರೋಣ. ಒಟ್ಟು ತಯಾರಾದದ್ದು 20. ಡಕ್ಸ್‌ಫರ್ಡಿನದ್ದು ಪರೀಕ್ಷೆಗೆಂದು ಮಾಡಿದ್ದು, 1971ರ ಡಿಸೆಂಬರ್‌ನಲ್ಲಿ ಮೊದಲು ಹಾರಿತು. ಟಿಕೆಟ್ ಕೊಂಡ ಪ್ರಯಾಣಿಕರು ಇದರಲ್ಲಿ ಒಬ್ಬರೂ ಹೋಗಿಲ್ಲ. ಆದರೆ 1974ರ ಮಾರ್ಚ್ 26ರಂದು ಇದು ಶಬ್ದದ 2.23 ಪಟ್ಟು ವೇಗ ಮುಟ್ಟಿತು. ಉಳಿದ ಯಾವ ಕಾಂಕಾರ್ಡ್ ಕೂಡ ಅದನ್ನು ಮೀರಿಲ್ಲ.

ಇಳಿಯುವಾಗ ಕಾಂಕಾರ್ಡ್ ಮೂತಿ ಬಹಳ ಮೇಲಕ್ಕೆತ್ತಿಕೊಂಡು ಬರುತ್ತೆ. ಉದ್ದ ಮೂತಿ ಅಡ್ಡ ಬಂದು ಪೈಲಟ್‌ಗೆ ರನ್‌ವೇ ಕಾಣಲ್ಲ. ಅದಕ್ಕೇ ಮೂತಿಯನ್ನೇ ಕೆಳಕ್ಕೆ ಬಾಗಿಸುವ ವ್ಯವಸ್ಥೆ. ವರ್ಷಗಟ್ಟಲೆ ಹಿಡಿದುಕೊಂಡು ನಿಂತಿದ್ದ ಆ ಮೂತಿಯನ್ನು ಉತ್ಸಾಹಿಗಳು ಸೇರಿ ಮತ್ತೆ ಬಾಗುವಂತೆ ಮಾಡಿದ್ದಾರೆ. ಎಂದೂ ಹಾರದ ವಿಮಾನಕ್ಕೆ ಇದೆಲ್ಲ ಯಾಕೆ ಅನ್ನೋರು ಇದ್ದೇ ಇರ್ತಾರೆ. ಆದರೆ ಪುಟ್ಟ ಮಗುವಿಗೆ ಬೋರ್ಡ್ ಓದಿಸೋದಕ್ಕೂ, ಕಣ್ಣೆದುರೇ ಆ ಮೂತಿ ಬಾಗೋದನ್ನು ತೋರಿಸೋದಕ್ಕೂ ವ್ಯತ್ಯಾಸ ಇದೆ.

ಭಾರತಕ್ಕೂ ಕಾಂಕಾರ್ಡ್‌ಗೂ ಒಂದು ಜಗಳದ ನೆನಪಿದೆ. 70ರ ದಶಕದ ಕೊನೆಯಲ್ಲಿ ಬಹರೇನ್–ಸಿಂಗಪುರ ನಡುವೆ ಕಾಂಕಾರ್ಡ್ ಸೇವೆ ನಡೆಯಿತು. ಭಾರತದ ಆಕಾಶದಲ್ಲಿ ಶಬ್ದಾತೀತ ವೇಗಕ್ಕೆ ಒಪ್ಪಿಗೆ ಸಿಗಲಿಲ್ಲ. ನಿಧಾನಕ್ಕೆ ಹೋಗಬೇಕಾದರೆ ಕಾಂಕಾರ್ಡ್ ಯಾಕೆ ಬೇಕು? 1980ರಲ್ಲಿ ಆ ಮಾರ್ಗ ಮುಚ್ಚಿತು.

ಎಲ್ಲ ಕಡೆ ಹೀಗೆ ಆಗಲಿಲ್ಲ

ಸಂಘ ಇದೆ, ಜನ ಇದ್ದಾರೆ, ಹಾಗಾಗಿ ಡಕ್ಸ್‌ಫರ್ಡಿನಲ್ಲಿ ನಡೆಯಿತು. ಅದೇ ಇಂಗ್ಲೆಂಡಿನ ಕಾಸ್‌ಫರ್ಡ್ ಮ್ಯೂಸಿಯಂನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಹಳೇ ವಿಮಾನಗಳ ಒಂದು ಸಂಗ್ರಹವಿತ್ತು. ಬಯಲಲ್ಲೇ ನಿಂತಿದ್ದವು. ಹಣಕಾಸಿನ ನೆರವು ನಿಂತಿತು. 2006ರಲ್ಲಿ ಒಂದು ವಿಸಿ10, ಒಂದು ಟ್ರೈಡೆಂಟ್, ಒಂದು ಬೋಯಿಂಗ್ 707 ಇವನ್ನೆಲ್ಲ ಕತ್ತರಿಸಬೇಕಾಯಿತು. ವೈಕೌಂಟ್, ಒನ್-ಇಲೆವೆನ್ ಬಿಡಿಭಾಗಗಳಾಗಿ ಸ್ಕಾಟ್ಲೆಂಡಿನ ಮ್ಯೂಸಿಯಂಗೆ ಹೋದವು. ಕೆಲವುಗಳ ಮೂತಿಯಷ್ಟೇ, ಮೈಯಷ್ಟೇ ಉಳಿಯಿತು. ಮ್ಯೂಸಿಯಂ ಸೇರಿತು ಅಂದ್ರೆ ಬಚಾವಾಯಿತು ಅಂತ ಅಂದುಕೊಂಡಿದ್ದವರಿಗೆ ಅದು ದೊಡ್ಡ ಪೆಟ್ಟು.

ಉಳಿಸೋದರಲ್ಲಿ ಎರಡು ಬಗೆ ಅನ್ನೋದನ್ನೂ ಇಲ್ಲಿ ಹೇಳಬೇಕು. ಒಂದು, ನಿಂತಲ್ಲೇ ಕಾಪಾಡೋದು. ಇನ್ನೊಂದು, ಹಾರುವ ಸ್ಥಿತಿಗೇ ತರೋದು. ಕಾಮೆಟ್, ಕಾಂಕಾರ್ಡ್‌ನಂಥ ದೊಡ್ಡ ಜೆಟ್‌ಗಳನ್ನು ಮತ್ತೆ ಹಾರಿಸೋದು ಆಗದ ಮಾತು. ಬಿಡಿಭಾಗ ಇಲ್ಲ, ಹೊಣೆ ಹೊರುವ ಕಂಪನಿ ಇಲ್ಲ, ಖರ್ಚಿಗೆ ಮಿತಿಯೇ ಇಲ್ಲ. ಹಳೇ ಡಿಸಿ-3, ಅಂದ್ರೆ ನಮ್ಮವರು ಡಕೋಟಾ ಅಂತ ಕರೆಯುವ ಸರಳ ವಿಮಾನವನ್ನು ಹಾರಿಸಬಹುದು. ಇದಕ್ಕೆ ಕರ್ನಾಟಕದ ನಂಟಿನ ಉದಾಹರಣೆಯೇ ಇದೆ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಒಂದು ಡಕೋಟಾವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಭಾರತೀಯ ವಾಯುಪಡೆಗೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದವರು. 2018ರಲ್ಲಿ ಅದು ಬ್ರಿಟನ್ನಿನಿಂದ ಹಾರಿಕೊಂಡೇ ಭಾರತಕ್ಕೆ ಬಂತು. 'ಪರಶುರಾಮ' ಅಂತ ಹೆಸರಿಟ್ಟಿದ್ದಾರೆ.

ಕಾರವಾರದ ವಿಮಾನ ಯಾರ ನೆಂಟ?

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಪಕ್ಕ ನಿಂತಿರೋದು ನೌಕಾಪಡೆಯ ಟುಪೊಲೆವ್-142 ವಿಮಾನ. ಸಮುದ್ರ ಕಾಯುವ, ಜಲಾಂತರ್ಗಾಮಿ ಹುಡುಕುವ ಕೆಲಸದ್ದು. 1988ರಲ್ಲಿ ನೌಕಾಪಡೆ ಸೇರಿದ ಈ ಮಾದರಿ 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಯಾಯಿತು. ಅಲ್ಲಿಂದ ಬಿಚ್ಚಿ, ಬಿಡಿಭಾಗಗಳಾಗಿ ರಸ್ತೆ ಮೇಲೆ ತಂದು ಕಾರವಾರದಲ್ಲಿ ಜೋಡಿಸಿದ್ದಾರೆ. ಇನ್ನೊಂದು ವಿಶಾಖಪಟ್ಟಣದ ಕಡಲತೀರದಲ್ಲಿದೆ.

ಇದು ಪ್ರಯಾಣಿಕ ವಿಮಾನ ಅಲ್ಲ, ನಿಜ. ಆದರೆ ಲ್ಯಾಂಕಾಸ್ಟರ್ ಬಾಂಬರಿನಿಂದ ಯಾರ್ಕ್ ಹುಟ್ಟಿದ ಹಾಗೇ, ಟುಪೊಲೆವ್-142ರ ಮೂಲವಾದ ಟುಪೊಲೆವ್-95 ಬಾಂಬರಿನಿಂದ ಸೋವಿಯತ್ ದೇಶ ಟುಪೊಲೆವ್-114 ಎಂಬ ಪ್ರಯಾಣಿಕ ವಿಮಾನ ಮಾಡಿತ್ತು. ಅದೇ ಬಗೆಯ ರೆಕ್ಕೆ, ಒಂದರ ಹಿಂದೊಂದು ಎದುರುಬದುರಾಗಿ ತಿರುಗುವ ಅವೇ ಜೋಡಿ ಪ್ರೊಪೆಲರ್. 1963ರಿಂದ ಅದು ಮಾಸ್ಕೋದಿಂದ ದೆಹಲಿಗೆ ಪ್ರಯಾಣಿಕರನ್ನು ಕರೆತರುತ್ತಿತ್ತು. ಅಂದ್ರೆ ಕಾರವಾರದಲ್ಲಿರೋದು ಆ ದೆಹಲಿ ವಿಮಾನದ ಹತ್ತಿರದ ದಾಯಾದಿ.

ಮುಂದಿನ ಸಲ ಕಾರವಾರಕ್ಕೆ ಹೋದಾಗ ಸೆಲ್ಫಿ ಆದ ಮೇಲೆ ಐದು ನಿಮಿಷ ವಿಮಾನವನ್ನೂ ನೋಡಿ. ರಿವೆಟ್ ಸಾಲಿನ ಸುತ್ತ ಬಣ್ಣ ಉಬ್ಬಿದೆಯಾ, ತಗಡು ಕೂಡುವಲ್ಲಿ ಬಿಳಿ ಪುಡಿ ಕಾಣುತ್ತಾ, ಹೊಟ್ಟೆಯ ಕೆಳಗೆ ನೀರು ಇಳಿದ ಗೆರೆ ಇದೆಯಾ, ಎಂಜಿನ್ ಬಾಯಿಗೆ ಹಕ್ಕಿ ಹೋಗದಂತೆ ಮುಚ್ಚಿದ್ದಾರಾ, ಭಾರ ಟೈರಿನ ಮೇಲಿದೆಯಾ ಅಥವಾ ಕೆಳಗೆ ಆಸರೆ ಕೊಟ್ಟಿದ್ದಾರಾ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿದರೆ ಒಂದೇ ವರ್ಷದ ಉಪ್ಪುಗಾಳಿ ಏನು ಮಾಡುತ್ತೆ ಅನ್ನೋದು ಯಾರು ಹೇಳದೆಯೂ ಗೊತ್ತಾಗುತ್ತೆ.